ಹಿಟ್ಟಿನ ಕೋಳಿ ಮತ್ತು ದಾಳದ ಬೇಟೆ

ಕಳೆದ ದೀಪಾವಳಿಯ ರಜೆಗೆ ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಮಕ್ಕಳೆಲ್ಲ ಕೂಡಿದ್ದರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ನವಲಗುಂದದ ಜಮಖಾನೆಯ ಮೇಲೆ ಕಾಗದ, ಪೆನ್ಸಿಲ್ಲು, ಎರಡು ದಾಳಗಳನ್ನಿಟ್ಟುಕೊಂಡು ಒಂದು ಆಟ ಹೂಡಿದನು. ಪಗಡೆಯ ಹಾಸಾಗಲಿ ಕಾಯಿಗಳಾಗಲಿ ಇದಕ್ಕೆ ಬೇಕಿಲ್ಲ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುವೆವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಅಮೆರಿಕದ ಮಾರ್ಕ್ ಮಿಲ್ಲರ್ ಎಂಬವರು ರಚಿಸಿ 1977ರಲ್ಲಿ ಪ್ರಕಟವಾದ ಈ ಆಟದ ಹೆಸರು 'ಟ್ರಾವೆಲರ್'. ನಕ್ಷತ್ರಗಳ ನಡುವೆ ಹಡಗಿನಲ್ಲಿ ಸರಕು ಸಾಗಿಸುವ ವ್ಯಾಪಾರವೂ ಇದರಲ್ಲುಂಟು. ಹಡಗಿನ ಬೆಲೆಯಲ್ಲಿ ಶೇಕಡಾ 20 ಮುಂಗಡ ಕೊಟ್ಟು, ಆಮೇಲೆ ಬೆಲೆಯ 240ನೆಯ ಒಂದು ಪಾಲಿನಂತೆ 480 ತಿಂಗಳು ಕಂತು ಕಟ್ಟಬೇಕು. ನೂರರ ಹಡಗಿಗೆ ಇನ್ನೂರಿಪ್ಪತ್ತು! ಕೇಳಿದೊಡನೆ ದುಬಾರಿ ಎನಿಸಿದರೂ ನಲವತ್ತು ವರ್ಷಗಳ ಅವಧಿಗೆ ಹಗುರವಾದ ಬಡ್ಡಿಯೇ ಎಂದು ಲೆಕ್ಕ ಹಾಕಿ ನೋಡಿದೆ.

ಕುಂದಗೋಳದಿಂದ ಬಂದಿದ್ದ ತಮ್ಮನ ಮೊಮ್ಮಗಳು, ಹತ್ತು ವರ್ಷದವಳು, ಇಂಥ ಆಟವನ್ನು ಕಂಡವಳೇ ಅಲ್ಲ. ಉಗ್ರಾಣದ ಬಾಗಿಲಿಗೆ ವಿಚಿತ್ರ ಜೀವಿಯೊಂದು ಅಡ್ಡ ನಿಂತಿದೆಯೆಂದು ಸೂತ್ರಧಾರನು ಹೇಳಿದನು. ಹಳಬರು 'ಹೊಡಿ, ಹೊಡಿ' ಎಂದರು. ಅವಳು ದಾಳ ಒಗೆದಳು, ಜೀವಿ ಸತ್ತಿತು. ಅದರ ಬೆನ್ನ ಹಿಂದೆ ಮರಿಗಳಿದ್ದವೆಂಬುದನ್ನು ಮೊಮ್ಮಗನು ತಿಳಿಸಿದ್ದು ಆಮೇಲೆ. ಹುಡುಗಿ ಅಳುತ್ತ ಒಳಗೆ ಹೋದಳು. ಹೊತ್ತು ಮುಳುಗಿದ ಬಳಿಕ ನಮ್ಮಲ್ಲಿ ಊಟವಿಲ್ಲವಾದ್ದರಿಂದ ಮಗು ಆ ರಾತ್ರಿ ಉಪವಾಸವೇ ಮಲಗಿತು.

"ಅಜ್ಜಾ, ಇದು ಬರೇ ಆಟ ಅಲ್ಲೇನು?" ಎಂದು ಮೊಮ್ಮಗನು ಕೇಳಿದನು. ಹೌದೆನ್ನಲು ನನಗೆ ನಾಲಿಗೆ ಏಳಲಿಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲ ಶ್ರಾವಕನು ಹಾಗೆ ಹೇಳುವುದೆಂತು? ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅಷ್ಟಕ್ಕೇ ರಾಜನೂ ಅವನ ತಾಯಿ ಚಂದ್ರಮತಿಯೂ ನವಿಲು, ನಾಯಿಗಳಾಗಿ ಹುಟ್ಟಿ ಜನ್ಮಜನ್ಮಾಂತರಗಳಲ್ಲಿ ತೊಳಲಿದರು.

ಹಾಗೆಂದು ಆ ಕಥೆಯನ್ನು ಹುಡುಗಿಯ ತಲೆಗೆ ಕಟ್ಟುವುದು ಅನ್ಯಾಯ. ಭಾವದ ತೀವ್ರತೆ ಮಂದತೆಗಳಿಂದಲೂ ತಿಳಿದು ಮಾಡಿದ್ದೋ ತಿಳಿಯದೆ ಮಾಡಿದ್ದೋ ಎಂಬುದರಿಂದಲೂ ಆಸ್ರವದಲ್ಲಿ ಭೇದವುಂಟೆಂದು ತತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತಿಳಿಸುತ್ತದೆ. ಯಶೋಧರನು ಹಿಟ್ಟನ್ನು ಕೋಳಿಯೆಂದು ಬಗೆದೇ ಕಡಿದನು. ಈ ಮಗುವಿಗೆ ಎದುರಿಗಿರುವುದು ಏನೆಂಬುದೇ ಗೊತ್ತಿರಲಿಲ್ಲ.

ಇಂಥ ಆಟವೇ ಅನರ್ಥದಂಡ, ದುಃಶ್ರುತಿ. ಮನೆಯೊಳಗೆ ಬಿಡಬಾರದೆಂದು ಕೆಲವು ಹಿರಿಯರು ಹೇಳಿಯಾರು. ಆ ಮಾತಿಗೆ ತೂಕವಿದೆ. ಆದರೆ ನಮ್ಮೂರಿನ ನಂಟುಳ್ಳ ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ಎಷ್ಟು ಕಾಳಗಗಳನ್ನು ವರ್ಣಿಸಿಲ್ಲ! ಕೊಲೆಯಲ್ಲಿ ಹಿಗ್ಗುವ ರೌದ್ರಧ್ಯಾನವನ್ನು ಆಗಮಗಳು ನಿಂದಿಸುತ್ತವೆ. ಮರಿಗಳಿಗಾಗಿ ಅತ್ತ ಹುಡುಗಿಯಲ್ಲಿ ಆ ಹಿಗ್ಗು ಎಲ್ಲಿತ್ತು?

ನನ್ನನ್ನು ಕಾಡಿದ್ದು ಸೂತ್ರಧಾರನ ಪಾಲು. ಆ ಲೋಕದಲ್ಲಿ ಅವಳಿಗೆ ಬೇರೆ ಕಣ್ಣಿಲ್ಲ, ಅವನ ಮಾತೇ ಕಣ್ಣು. ಬಾಗಿಲಲ್ಲಿ ನಿಂತು ನೋಡಿದ್ದರೆ ಮರಿಗಳು ಕಾಣುತ್ತಿದ್ದವು. ಹಳಬರಾದರೆ ಕೇಳಿ ತಿಳಿಯುತ್ತಿದ್ದರು. ಕೇಳಬಹುದೆಂಬುದೇ ಹೊಸಬಳಿಗೆ ತಿಳಿಯದು. "ನಾ ಸುಳ್ಳು ಹೇಳಿಲ್ಲಲ್ಲ" ಎಂದನು ಮೊಮ್ಮಗ.

ಈ ಮಾತನ್ನು ನಾನೂ ಆಡಿದವನೇ. ಇಪ್ಪತ್ತೈದರ ಪ್ರಾಯದಲ್ಲಿ, ತಂದೆಯವರು ಊರಲ್ಲಿಲ್ಲದ ದಿನ, ರೈತನೊಬ್ಬನು ಮೊದಲ ಸಲ ನಮ್ಮ ಅಂಗಡಿಗೆ ಹತ್ತು ಚೀಲ ಕಡಲೆ ತಂದನು. ಅಂದಿನ ಧಾರಣೆ ಏರಿದ್ದು ಅವನಿಗೆ ತಿಳಿದಿರಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ತಂದೆಯವರು ಬಂದು ವಹಿ ನೋಡಿ ಏನೂ ಅನ್ನದೆ ಎದ್ದುಹೋದರು. ಆ ರೈತನು ಮತ್ತೆ ಬರಲಿಲ್ಲ. ಪ್ರತಿವರ್ಷ ಕ್ಷಮಾವಣಿಯಂದು ಅವನ ಮುಖ ನೆನಪಾಗುತ್ತದೆ. ಮನೆಯವರಿಗೂ ಹೇಳದಿದ್ದ ಇದನ್ನು ಆ ರಾತ್ರಿ ಮೊಮ್ಮಗನಿಗೆ ಹೇಳಿದೆನು. ಅವನು ಬಹಳ ಹೊತ್ತು ದಾಳಗಳನ್ನು ಅಂಗೈಯಲ್ಲಿ ಹೊರಳಿಸುತ್ತ ಕುಳಿತಿದ್ದನು.

ಮರುದಿನ ಉಪಾಹಾರವಾದ ಮೇಲೆ ಅವನೇ ತಂಗಿಯನ್ನು ಕರೆದು, "ನಿನಗ ಏನೇನು ಕಾಣತೈತಿ ಅನ್ನೋದು ನಾ ಮೊದಲ ಹೇಳಬೇಕಿತ್ತು" ಎಂದನು. ಸತ್ತದ್ದನ್ನು ಬದುಕಿಸಿಕೊಡುತ್ತೇನೆಂದರೆ ಅವಳು ಒಪ್ಪಲಿಲ್ಲ. "ಮರಿ ಎಷ್ಟು ಅದಾವ?" ಎಂದು ಕೇಳಿದಳು. ನಾಲ್ಕು. ಅವುಗಳಿಗೆ ಜಾಗ ಮಾಡಲು ಸರಕಿನ ಅರ್ಧವನ್ನು ಇಳಿಸಿದರು; ಆ ತಿಂಗಳ ಕಂತಿಗೆ ಹಣ ಸಾಲದಾಯಿತು. ಕೊನೆಗೆ ಎಲ್ಲರೂ ಕಾಗದ ಹಿಡಿದು, ಬಾಕಿ ತೀರಿಸುವ ದಾರಿ ಕೇಳಲು ನನ್ನ ಗಾದಿಯ ಬಳಿಗೆ ಬಂದರು.