ಶೋಭೆಯ ಕಠಾರಿಯೂ ಶ್ರಾವಕಧರ್ಮವೂ

ಹಳೆಯ ಅಲಂಕೃತ ಕಠಾರಿಗಳನ್ನು ಸಂಗ್ರಹಿಸಿ ಗಾಜಿನ ಬೀರುವಿನಲ್ಲಿ ಇರಿಸುವ ಹವ್ಯಾಸ ಕೆಲವು ಅನುಕೂಲಸ್ಥರ ಮನೆಗಳಲ್ಲಿ ಉಂಟು. ಇವುಗಳಲ್ಲಿ ಅನೇಕವು ಯುದ್ಧಕ್ಕಾಗಿ ಮಾಡಿದವಲ್ಲ. ಧರಿಸಿದವನ ಅಂತಸ್ತನ್ನು ತೋರಲೆಂದೇ ಮಾಡಿದವು. ಯಾರನ್ನೂ ಇರಿಯದ ಇಂತಹ ಆಯುಧವನ್ನು ಇಟ್ಟುಕೊಂಡರೆ ಶ್ರಾವಕನ ಅಹಿಂಸಾಣುವ್ರತಕ್ಕೆ ಕುಂದುಂಟೇ ಎಂಬುದು ವಿಚಾರಣೀಯ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಕೊಡಲಿ, ಖಡ್ಗ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದು ಅದರ ಲಕ್ಷಣ. ಬೀಗ ಹಾಕಿದ ಬೀರುವಿನ ಕಠಾರಿ ಈ ಲಕ್ಷಣಕ್ಕೆ ನೇರವಾಗಿ ಒಳಪಡುವುದಿಲ್ಲ. ಆದ್ದರಿಂದ ಇದು ಕೇವಲ ಕಲಾಭಿರುಚಿ ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ. ಆದರೆ ಅಲಗನ್ನು ಮಾತ್ರ ನೋಡಿದರೆ ವಿಚಾರ ಅರ್ಧವಾಗುತ್ತದೆ, ಹಿಡಿಯನ್ನೂ ನೋಡಬೇಕು.

ಯೆಮನ್ ದೇಶದ ಪುರುಷರು ಸೊಂಟದಲ್ಲಿ ಧರಿಸುವ ಜಂಬಿಯಾ ಎಂಬ ಬಾಗಿದ ಕಠಾರಿ ಇದಕ್ಕೆ ನಿದರ್ಶನ. ಅದರ ಬೆಲೆ ಅಲಗಿಗಿಂತ ಹೆಚ್ಚಾಗಿ ಹಿಡಿಯನ್ನು ಅವಲಂಬಿಸಿದೆ. ಖಡ್ಗಮೃಗದ ಕೊಂಬಿನ ಹಿಡಿ ಬಳಸಿದಷ್ಟೂ ಹೊಳಪೇರುವುದರಿಂದ ಅದಕ್ಕೇ ಅಗ್ರಸ್ಥಾನ. 1970ರ ದಶಕದಲ್ಲಿ ತೈಲಸಂಪನ್ನ ನೆರೆನಾಡುಗಳಲ್ಲಿ ದುಡಿದವರ ಹಣ ಊರಿಗೆ ಬಂದಾಗ ಈ ಹಿಡಿಗಳಿಗೆ ಬೇಡಿಕೆ ಬೆಳೆಯಿತು. 1982ರಲ್ಲಿ ಉತ್ತರ ಯೆಮನ್ ಕೊಂಬಿನ ಆಮದನ್ನು ನಿಷೇಧಿಸಿದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಪೂರ್ವ ಏಷ್ಯದ ಔಷಧಿ ವ್ಯಾಪಾರವೂ ಇದಕ್ಕೆ ಕೂಡಿತು. 1970ರ ಸುಮಾರಿಗೆ ಅಂದಾಜು 65,000 ಇದ್ದ ಆಫ್ರಿಕದ ಕಪ್ಪು ಖಡ್ಗಮೃಗಗಳು 1990ರ ದಶಕದ ಮಧ್ಯಭಾಗಕ್ಕೆ 2,500ಕ್ಕಿಂತ ಕಡಿಮೆಯಾದವು. ಅಲಗು ಯಾರನ್ನೂ ಇರಿಯದಿದ್ದರೂ ಹಿಡಿಗಾಗಿ ಪ್ರಾಣಿಗಳು ಸತ್ತವು.

ಪ್ರಾಣಿ ಎಂದೋ ಸತ್ತಿದೆ, ಹಳೆಯ ವಸ್ತುವನ್ನು ಈಗ ಕೊಂಡವನಿಗೆ ದೋಷವೆಲ್ಲಿಯದು ಎಂದು ಕೇಳಬಹುದು. ಕೃತ, ಕಾರಿತಗಳಂತೆ ಅನುಮೋದನೆಯೂ ಹಿಂಸೆಯ ದ್ವಾರವೆಂಬುದು ಜೈನಸಿದ್ಧಾಂತ. ಹಳೆಯ ಹಿಡಿಗೆ ತೆತ್ತ ಬೆಲೆಯೇ ಹೊಸ ಕೊಂಬಿಗೂ ಬೆಲೆ ತರುತ್ತದೆ. ಹಳೆಯದೆಂಬ ಹೆಸರಿನಲ್ಲಿ ಹೊಸದು ಮಾರಾಟವಾಗಲು ಆಸ್ಪದವಾಗುತ್ತದೆ. ಆನೆದಂತದ ಹಿಡಿಗೂ ಇದೇ ನ್ಯಾಯ. ಜನ್ನನ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಆ ಸಂಕಲ್ಪಕ್ಕಾಗಿ ತಾಯಿಮಗ ಭವಭವಗಳಲ್ಲಿ ತೊಳಲಿದರು. ಎದುರಿಗೆ ಜೀವವಿಲ್ಲವೆಂಬ ಕಾರಣದಿಂದ ಭಾವಕ್ಕೆ ಬಿಡುಗಡೆಯಿಲ್ಲ.

ಕಲ್ಲಿನ ಅಥವಾ ಲೋಹದ ಹಿಡಿಯಲ್ಲಿ ಈ ದೋಷವಿಲ್ಲ ನಿಜ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಮೂರ್ಛೆಯೆಂದು, ಎಂದರೆ ಮಮತ್ವವೆಂದು ಹೇಳಿದೆ. ಒಂದು ಕಠಾರಿ ಹತ್ತಾಗಿ, ಹತ್ತು ನೂರಾಗುವಾಗ ಬೆಳೆಯುತ್ತಿರುವುದು ಕಲಾಜ್ಞಾನವೋ ಮಮತ್ವವೋ ಎಂಬುದನ್ನು ಸಂಗ್ರಾಹಕನೇ ಪರೀಕ್ಷಿಸಿಕೊಳ್ಳಬೇಕು.

ಹಿರಿಯರು ಬಿಟ್ಟುಹೋದ ದಂತದ ಅಥವಾ ಕೊಂಬಿನ ಹಿಡಿಯ ಕಠಾರಿ ಮನೆಯಲ್ಲಿದ್ದರೆ ಏನು ಮಾಡಬೇಕು? ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. ಮಾರಿ ಬಂದ ಹಣವನ್ನು ಬಸದಿಯ ಜೀರ್ಣೋದ್ಧಾರಕ್ಕೆ ಅರ್ಪಿಸಿದರೂ ದೋಷ ತೊಳೆಯದು. ಅಂತಹ ಕಾಣಿಕೆಯನ್ನು ಸ್ವೀಕರಿಸುವ ಆಡಳಿತ ಮಂಡಳಿಯೂ ಅನುಮೋದನೆಯಲ್ಲಿ ಪಾಲುಗೊಳ್ಳುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ ಅದನ್ನು ಒಪ್ಪಿಸುವುದೇ ಉಚಿತ. ಅದರಿಂದ ಬರುವ ಹಣವಿಲ್ಲ. ಆದರೆ ಮನೆಯಿಂದ ಒಂದು ಹಿಂಸೆಯ ಬೆಲೆ ಹೊರಗೆ ಹೋದಂತಾಗುತ್ತದೆ.