ಕೊಡುವವರ ಷರತ್ತು, ಕೇಳುವವರ ಹೊಣೆ

(ಸರ್ಕಾರಿ ವೈದ್ಯಕೀಯ ಕಾಲೇಜೊಂದರ ಹಳೇ ವಿದ್ಯಾರ್ಥಿಗಳು ಸಂಶೋಧನೆಗಾಗಿ ದತ್ತಿನಿಧಿ ಕಟ್ಟಲು ಹೊರಟಿದ್ದಾರೆ. ವೈದ್ಯ ಮಂಜುನಾಥ ಆ ಸಮಿತಿಯ ಕಾರ್ಯದರ್ಶಿ. ಸಾವಿತ್ರಿ ಅದೇ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು.)

ಮಂಜುನಾಥ: ಮೇಡಂ, ಒಬ್ಬ ಉದ್ಯಮಿ ನಮ್ಮ ನಿಧಿಗೆ 2 ಕೋಟಿ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಆದರೆ ಮೂರು ಷರತ್ತು. ಪ್ರಯೋಗಾಲಯಕ್ಕೆ ಅವರ ತಾಯಿಯ ಹೆಸರಿಡಬೇಕು. ತಾಯಿ ಯಾವ ಕಾಯಿಲೆಯಿಂದ ತೀರಿಕೊಂಡರೋ ಅದರ ಮೇಲೆಯೇ ಸಂಶೋಧನೆ ನಡೆಯಬೇಕು. ಫೆಲೋಶಿಪ್‌ಗೆ ಹುಡುಗರನ್ನು ಆರಿಸುವ ಸಮಿತಿಯಲ್ಲಿ ಅವರ ಕಡೆಯವರೊಬ್ಬರು ಇರಬೇಕು. ಏನು ಹೇಳಲಿ?

ಸಾವಿತ್ರಿ: ನಿನಗೆ ಏನನ್ನಿಸುತ್ತಿದೆ, ಮೊದಲು ಅದನ್ನು ಹೇಳು.

ಮಂಜುನಾಥ: ನಿಜ ಹೇಳಬೇಕೆಂದರೆ, ಹೀಗೆ ಕೇಳಿಕೊಂಡು ಹೋಗುವುದೇ ನನಗೆ ಸಂಕೋಚ. ಸರ್ಕಾರಿ ಕಾಲೇಜು ನಡೆಸುವುದು ಸರ್ಕಾರದ ಕೆಲಸ. ನಾವು ಜೋಳಿಗೆ ಹಿಡಿದರೆ ಸರ್ಕಾರ ಇನ್ನಷ್ಟು ಹಿಂದೆ ಸರಿಯುವುದಿಲ್ಲವೇ?

ಸಾವಿತ್ರಿ: ಸಂಬಳ, ಕಟ್ಟಡ, ಹಾಸಿಗೆ, ಔಷಧಿ ಸರ್ಕಾರದ ಹೊಣೆ. ಅದಕ್ಕೆ ದೇಣಿಗೆ ಎತ್ತಿದರೆ ನೀನು ಹೇಳಿದ್ದೇ ಆಗುತ್ತದೆ, ಅದನ್ನು ಮಾಡಬೇಡ. ಆದರೆ ಸಂಶೋಧನೆಗೆ ಬೇಕಾದ ದುಡ್ಡಿನ ಜಾತಿಯೇ ಬೇರೆ. ಒಬ್ಬ ಯುವ ಅಧ್ಯಾಪಕಿಗೆ ವಾರ್ಡಿನಲ್ಲಿ ಏನೋ ವಿಚಿತ್ರ ಕಾಣುತ್ತದೆ. ಅದನ್ನು ಬೆನ್ನು ಹತ್ತಲು ಅವಳಿಗೆ ಬೇಕಾದದ್ದು ಮಾದರಿಗಳನ್ನು ಕಾಪಾಡುವ ಒಂದು ಡೀಪ್ ಫ್ರೀಜರ್, ಅಂಕಿಅಂಶ ನೋಡಿಕೊಡುವ ಒಬ್ಬರು, ರೋಗಿಗಳು ಮತ್ತೆ ಬಂದುಹೋಗಲು ಬಸ್ ಚಾರ್ಜು. ಮಂಜೂರಾತಿ ಬರುವಷ್ಟರಲ್ಲಿ ರೋಗಿ ಊರು ಸೇರಿರುತ್ತಾರೆ, ಪ್ರಶ್ನೆ ಆರಿಹೋಗಿರುತ್ತದೆ. ಆ ಸಂದಿಗೆ ಬೇಕು ದತ್ತಿನಿಧಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದೇ ಜೆಮ್‌ಷೆಡ್‌ಜಿ ಟಾಟಾ ಅವರ ದತ್ತಿಯಿಂದ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ. ಅದೇ ಸಂಸ್ಥೆ ವೈದ್ಯಕೀಯ ಶಾಲೆ ತೆರೆಯಲು ಹೊರಟಾಗ 800 ಹಾಸಿಗೆಯ ಆಸ್ಪತ್ರೆಗೆಂದು 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಟ್ಟರು. ಕೇಳುವುದರಲ್ಲಿ ಅವಮಾನವಿಲ್ಲ. ಏನನ್ನು ಒಪ್ಪಿಕೊಂಡು ತೆಗೆದುಕೊಂಡೆವು ಎನ್ನುವುದರಲ್ಲಿ ಇರಬಹುದು.

ಮಂಜುನಾಥ: ಹಾಗಾದರೆ ಷರತ್ತು ಹಾಕುವವರನ್ನೇ ದೂರ ಇಡೋಣ. ಬಿಡಿ ದೇಣಿಗೆ ಸಾಕು.

ಸಾವಿತ್ರಿ: ಹಾಗೆ ಶಪಥ ಮಾಡಿದ್ದರೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಶಾಲೆ ಆಗ ತೆರೆಯುತ್ತಲೇ ಇರಲಿಲ್ಲ.

ಮಂಜುನಾಥ: ಅಲ್ಲಿ ದುಡ್ಡಿಗೆ ಬರವೇ? ಹಾಪ್‌ಕಿನ್ಸ್ ಎಂಬ ವ್ಯಾಪಾರಿ 70 ಲಕ್ಷ ಡಾಲರ್ ಬಿಟ್ಟುಹೋಗಿದ್ದರಲ್ಲ.

ಸಾವಿತ್ರಿ: ಅರ್ಧ ಆಸ್ಪತ್ರೆಗೆ, ಅರ್ಧ ವಿಶ್ವವಿದ್ಯಾಲಯಕ್ಕೆ. ವಿಶ್ವವಿದ್ಯಾಲಯದ ಪಾಲು ಹೆಚ್ಚುಕಡಿಮೆ ಒಂದೇ ರೈಲ್ವೆ ಕಂಪನಿಯ ಷೇರುಗಳಲ್ಲಿತ್ತು. ಆ ಕಂಪನಿ ಲಾಭಾಂಶ ಕೊಡುವುದನ್ನು ನಿಲ್ಲಿಸಿತು. 1889ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು, ಆಸ್ಲರ್, ವೆಲ್ಚ್, ಹಾಲ್‌ಸ್ಟೆಡ್‌ರಂಥ ಹೆಸರಾಂತ ವೈದ್ಯರು ಬಂದು ಕೂತರು, ಆದರೆ ಪಾಠ ಹೇಳಲು ಶಾಲೆಯೇ ಇಲ್ಲ. ಆಗ ಟ್ರಸ್ಟಿಗಳ ಹೆಣ್ಣುಮಕ್ಕಳೇ ಕೆಲವರು ಸೇರಿ ಊರೂರಿನಲ್ಲಿ ಮಹಿಳಾ ಸಮಿತಿಗಳನ್ನು ಕಟ್ಟಿದರು. ಮೇರಿ ಗ್ಯಾರೆಟ್, ಕೇರಿ ಥಾಮಸ್ ಮುಂದಾಳುಗಳು. 1890ರಲ್ಲಿ 1 ಲಕ್ಷ ಡಾಲರಿಗೂ ಮಿಕ್ಕಿ ಹಣ ತಂದು ಟ್ರಸ್ಟಿಗಳ ಮುಂದಿಟ್ಟರು. ಷರತ್ತು ಒಂದೇ: ಗಂಡಸರಿಗೆ ಯಾವ ನಿಯಮವೋ ಹೆಂಗಸರಿಗೂ ಅದೇ ನಿಯಮದಲ್ಲಿ ಪ್ರವೇಶ.

ಮಂಜುನಾಥ: ಟ್ರಸ್ಟಿಗಳು ಒಪ್ಪಿದರೇ?

ಸಾವಿತ್ರಿ: ಒಪ್ಪಿದರು. ಆದರೆ ಒಟ್ಟು 5 ಲಕ್ಷ ಡಾಲರ್ ಕೂಡುವವರೆಗೆ ಶಾಲೆ ತೆರೆಯುವುದಿಲ್ಲ ಎಂದರು. ಕಡೆಗೆ 1892ರ ಡಿಸೆಂಬರಿನಲ್ಲಿ ಗ್ಯಾರೆಟ್ ಒಬ್ಬಳೇ 3,06,977 ಡಾಲರ್ ತುಂಬಿಕೊಡುವುದಾಗಿ ಹೇಳಿದಳು. ಜೊತೆಗೆ ಇನ್ನಷ್ಟು ಷರತ್ತು: ಸೇರುವವರಿಗೆ ಮೊದಲೇ ಒಂದು ಪದವಿ ಇರಬೇಕು, ವಿಜ್ಞಾನದ ತಳಪಾಯ ಇರಬೇಕು, ಫ್ರೆಂಚ್ ಮತ್ತು ಜರ್ಮನ್ ಬರಬೇಕು. ಪ್ರೌಢಶಾಲೆ ಮುಗಿಸದವರನ್ನೂ ಅನೇಕ ವೈದ್ಯಕೀಯ ಶಾಲೆಗಳು ಸೇರಿಸಿಕೊಳ್ಳುತ್ತಿದ್ದ ದೇಶದಲ್ಲಿ ಇದು ದೊಡ್ಡ ಮಾತು. ಇಷ್ಟು ಕಠಿಣವಾದರೆ ಸೇರುವವರೇ ಇರುವುದಿಲ್ಲ ಎಂದು ಅಧ್ಯಾಪಕರೇ ಹಿಂಜರಿದರು. ಅವಳು ಜಗ್ಗಲಿಲ್ಲ. 1893ರಲ್ಲಿ 18 ವಿದ್ಯಾರ್ಥಿಗಳೊಂದಿಗೆ ಶಾಲೆ ಶುರುವಾಯಿತು, ಅವರಲ್ಲಿ 3 ಮಂದಿ ಹೆಣ್ಣುಮಕ್ಕಳು. ಮುಂದೆ ಅದೇ ಬಾಗಿಲಿನಿಂದ ಬಂದ ಫ್ಲಾರೆನ್ಸ್ ಸೇಬಿನ್ 1925ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯಾದಳು.

ಮಂಜುನಾಥ: ಆದರೆ ಮೇಡಂ, ಗ್ಯಾರೆಟ್ ಮಾಡಿದ್ದೂ ದುಡ್ಡಿನ ಬಲದಿಂದ ಪ್ರವೇಶದ ನಿಯಮ ಬದಲಿಸಿದ್ದೇ ಅಲ್ಲವೇ? ನಮ್ಮಲ್ಲಿ ಡೊನೇಷನ್ ಕೊಟ್ಟು ಸೀಟು ತೆಗೆದುಕೊಂಡವರನ್ನು ಬೈಯುತ್ತೇವೆ. ಇಂಥ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಲು 1984ರಲ್ಲಿ ಕರ್ನಾಟಕವೇ ಕಾನೂನು ತಂದಿತು. 1992ರ ಮೋಹಿನಿ ಜೈನ್ ಪ್ರಕರಣವೂ ನಮ್ಮ ರಾಜ್ಯದ ವೈದ್ಯಕೀಯ ಸೀಟಿನದೇ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದಿತು. ಇಲ್ಲಿ ತಪ್ಪಾದದ್ದು ಅಲ್ಲಿ ಹೇಗೆ ಸರಿ?

ಸಾವಿತ್ರಿ: ಷರತ್ತಿನ ಫಲ ಯಾರ ಮನೆಗೆ ಹೋಯಿತು, ನೋಡು. ಸೀಟಿಗೆ ದುಡ್ಡು ಕಟ್ಟಿದ ಅಪ್ಪ ತನ್ನ ಮಗನಿಗೆ ಬಾಗಿಲು ತೆರೆಸಿದ, ಇನ್ನೊಬ್ಬನ ಪಾಲಿಗೆ ಅದು ಮುಚ್ಚಿತು. ಗ್ಯಾರೆಟ್‌ಗೆ ಅಲ್ಲಿ ಓದುವುದಿರಲಿಲ್ಲ, ಓದಿಸಲು ಮಕ್ಕಳೂ ಇರಲಿಲ್ಲ. ತಾನು ಕಂಡೇ ಇರದ ಹುಡುಗಿಯರಿಗಾಗಿ ಕೇಳಿದಳು. ಕೊಡುವವನಿಗೇ ಹಿಂತಿರುಗುವ ಷರತ್ತು ವ್ಯಾಪಾರ. ಗುರುತಿಲ್ಲದವರಿಗೆ ಸಲ್ಲುವ ಷರತ್ತು ಧರ್ಮ.

ಮಂಜುನಾಥ: ಮಾತು ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಕಠಿಣ ನಿಯಮಗಳು ಮುಂದೇನಾದವು ಗೊತ್ತಲ್ಲ. 1910ರಲ್ಲಿ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞರು ಅಮೆರಿಕ, ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ತೂಗಿದರು. ತಕ್ಕಡಿಯ ಬಟ್ಟು ಹಾಪ್‌ಕಿನ್ಸ್. ಕಳಪೆ ಶಾಲೆಗಳು ಮುಚ್ಚಿದವು, ಒಳ್ಳೆಯದೇ. ಆದರೆ ಕಪ್ಪು ಜನರಿಗೆಂದಿದ್ದ ಏಳು ಶಾಲೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳಿ ಎಂದರು. ಉಳಿದ ಐದೂ ಮುಚ್ಚಿದವು. ಹಾಪ್‌ಕಿನ್ಸ್‌ನಲ್ಲೇ ಮೊದಲ ಕಪ್ಪು ವಿದ್ಯಾರ್ಥಿಗಳು ವೈದ್ಯರಾಗಿ ಹೊರಬಂದದ್ದು 1967ರಲ್ಲಿ. ಗ್ಯಾರೆಟ್ ಒಂದು ಬಾಗಿಲು ತೆರೆದಳು, ಅದೇ ಕೈಯಿಂದ ಹೊಸ್ತಿಲನ್ನೂ ಎತ್ತರಿಸಿದಳು. ಪದವಿ, ಫ್ರೆಂಚ್, ಜರ್ಮನ್ ಎಂದರೆ ಬಡವರ ಮಕ್ಕಳು ಎಲ್ಲಿಂದ ತರಬೇಕು? ಕೆಡುಕು ಮಾಡಲು ಸ್ವಾರ್ಥವೇ ಬೇಕೆಂದಿಲ್ಲ ಮೇಡಂ.

ಸಾವಿತ್ರಿ: ಒಳ್ಳೆಯ ಆಕ್ಷೇಪ. ಹಾಗಾದರೆ ನನ್ನ ಒರೆಗಲ್ಲು ಸಾಲದು. ಫಲ ಯಾರಿಗೆ ಎಂದು ಕೇಳಿದರಷ್ಟೇ ಆಗದು, ಭಾರ ಯಾರ ಮೇಲೆ ಎಂದೂ ಕೇಳಬೇಕು. ಆ ಭಾರ ಹೊರುವವರಿಗೆ ಮುಂದೊಂದು ದಿನ ಷರತ್ತನ್ನು ಬದಲಿಸುವ ದಾರಿ ಇದೆಯೇ ಎಂದೂ.

ಮಂಜುನಾಥ: ಈಗ ನಮ್ಮ ಉದ್ಯಮಿಯ ಎರಡನೇ ಷರತ್ತಿಗೆ ಬನ್ನಿ. ತಾಯಿಯ ಕಾಯಿಲೆಯ ಮೇಲೆ ಸಂಶೋಧನೆ. ನೋವಿನಿಂದ ಬಂದ ಆಸೆ, ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಕೊಡುವ ಶಕ್ತಿಯಿರುವ ಮನೆಗಳಿಗೆ ಬರುವ ಕಾಯಿಲೆಗಳಿಗೆ ಮಾತ್ರ ಸಂಶೋಧನೆಯಾದರೆ, ಉಳಿದವರ ಗತಿ?

ಸಾವಿತ್ರಿ: ಅದಕ್ಕೆ ಉತ್ತರ ಮಲೆನಾಡಿನಲ್ಲಿದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಕಾಡಂಚಿನ ಜನ ಜ್ವರದಿಂದ ಮಲಗಿದರು. ಕಾಯಿಲೆಯ ವೈರಸ್ಸನ್ನು ಬೇಗನೆ ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕಟ್ಟಿದ್ದು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ. ಆ ಪ್ರತಿಷ್ಠಾನ ದುಡ್ಡು ಕೊಟ್ಟದ್ದು ಕ್ಯಾಸನೂರಿಗೆಂದಲ್ಲ, ಕೀಟಗಳಿಂದ ಹರಡುವ ವೈರಸ್‌ಗಳ ಅಧ್ಯಯನಕ್ಕೆ. ಆ ಹೊತ್ತಿಗೆ ಅಲ್ಲಿ ಪ್ರಯೋಗಾಲಯವಿತ್ತು, ಬಲ್ಲವರಿದ್ದರು, ಹಾಗಾಗಿ ಯಾರೂ ಊಹಿಸಿರದ ಕಾಯಿಲೆ ಬಂದಾಗ ಕೈಕಟ್ಟಿ ಕೂರಬೇಕಾಗಲಿಲ್ಲ.

ಮಂಜುನಾಥ: ಅಂದರೆ ಅಗಲವಾದ ಷರತ್ತು ಒಳ್ಳೆಯದು, ಇಕ್ಕಟ್ಟಾದದ್ದು ಬೇಡ.

ಸಾವಿತ್ರಿ: ಹೌದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಂಗನ ಕಾಯಿಲೆ ಎಂದೇ ಹೆಸರಾದ ಇದು ತಗಲುವುದು ಸೌದೆಗೆ, ದರಗಿಗೆ, ಅಡಿಕೆ ತೋಟದ ಕೆಲಸಕ್ಕೆ ಕಾಡಿಗೆ ಹೋಗುವವರಿಗೆ. ಹಳೆಯ ಲಸಿಕೆಯನ್ನೇ ದಶಕಗಳ ಕಾಲ ಚುಚ್ಚಿ, ಅದು ಅಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಕಾಯಿಲೆ ಕಂಡು 65 ವರ್ಷವಾದ ಮೇಲೆ! ಆ ಜನರ ಪರವಾಗಿ ದತ್ತಿ ಇಡುವ ಶ್ರೀಮಂತ ಮಗ ಯಾರೂ ಇಲ್ಲ. ಆದ್ದರಿಂದ ನಿನ್ನ ಉದ್ಯಮಿಗೆ ಹೇಳು: ನಿಮ್ಮ ತಾಯಿಯ ಕಾಯಿಲೆಗೆ ಒಂದು ಪಾಲು ಖಂಡಿತ, ಇನ್ನೊಂದು ಪಾಲು ಯಾರೂ ದುಡ್ಡು ಕೊಡದ ಕಾಯಿಲೆಗಳಿಗೆ.

ಮಂಜುನಾಥ: ನಮ್ಮ ಲೆಕ್ಕದ ಪ್ರಕಾರ ಮೂಲಧನ ಮುಟ್ಟುವಂತಿಲ್ಲ. 2 ಕೋಟಿಗೆ ಶೇ. 7ರಂತೆ ವರ್ಷಕ್ಕೆ 14 ಲಕ್ಷ ಬಡ್ಡಿ. ಬೆಲೆಯೇರಿಕೆ ಮೂಲಧನವನ್ನು ತಿಂದುಹಾಕದಿರಲು ಅದರಲ್ಲಿ 6 ಲಕ್ಷ ಮತ್ತೆ ಸೇರಿಸಬೇಕು. ಖರ್ಚಿಗೆ ಉಳಿಯುವುದು 8. ಪಾಲು ಮಾಡಿದರೆ ಯಾವುದಕ್ಕೂ ಸಾಲದೆ ಹೋಗಬಹುದು.

ಸಾವಿತ್ರಿ: ವರ್ಷಕ್ಕೆ 4 ಲಕ್ಷದಲ್ಲಿ ಒಬ್ಬ ಅಧ್ಯಾಪಕಿಯ ಒಂದು ಪ್ರಶ್ನೆಯಾದರೂ ನಡೆಯುತ್ತದೆ. ಅಷ್ಟೇ ಅಲ್ಲ, ಹತ್ತು ವರ್ಷಕ್ಕೊಮ್ಮೆ ಪಾಲುಗಳನ್ನು ಮರುಪರಿಶೀಲಿಸಬೇಕು ಎಂದು ಪತ್ರದಲ್ಲೇ ಬರೆಸು. ಸತ್ತವರ ಇಚ್ಛೆ ಬದುಕಿರುವವರ ಕೈ ಕಟ್ಟಬಾರದು.

ಮಂಜುನಾಥ: ಹೆಸರಿನ ವಿಷಯ?

ಸಾವಿತ್ರಿ: ತಾಯಿಯ ಹೆಸರು ಬರಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ದುಡ್ಡು ಹೇಗೆ ಬಂತು ಎಂದು ಮಾತ್ರ ವಿಚಾರಿಸು. ಬಾಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾಲಯ 2019ರಲ್ಲಿ ತನ್ನ ವೈದ್ಯಕೀಯ ಶಾಲೆಯಿಂದ ಸ್ಯಾಕ್ಲರ್ ಹೆಸರನ್ನು ತೆಗೆದುಹಾಕಿತು. ಚಟ ಹಿಡಿಸುವ ನೋವಿನ ಮಾತ್ರೆ ಮಾರಿದ ಕಂಪನಿಯ ಒಡೆಯರ ಮನೆತನ ಅದು. ಇನ್ನೊಂದು ಕಡೆ, ನ್ಯೂಯಾರ್ಕಿನ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ ಅಲ್ಲಿಯೇ ಅಧ್ಯಾಪಕಿಯಾಗಿದ್ದ ರೂತ್ ಗಾಟ್ಸ್‌ಮನ್ 2024ರಲ್ಲಿ 100 ಕೋಟಿ ಡಾಲರ್ ಕೊಟ್ಟರು. ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವೇ ಇಲ್ಲದಂತಾಯಿತು. ಕಾಲೇಜಿಗೆ ತನ್ನ ಹೆಸರು ಮಾತ್ರ ಬೇಡವೆಂದರು.

ಮಂಜುನಾಥ: ಇನ್ನು ಮೂರನೆಯದು, ಆಯ್ಕೆ ಸಮಿತಿಯಲ್ಲಿ ಅವರ ಪ್ರತಿನಿಧಿ.

ಸಾವಿತ್ರಿ: ಅದಕ್ಕೆ ಇಲ್ಲ ಎನ್ನು, ನಯವಾಗಿ, ಆದರೆ ಇಲ್ಲವೆಂದೇ.

ಮಂಜುನಾಥ: ಅವರ ದುಡ್ಡು, ಅವರಿಗೆ ಒಂದು ಕುರ್ಚಿಯೂ ಇಲ್ಲವೇ? ಅನ್ಯಾಯ ಅನ್ನಿಸುವುದಿಲ್ಲವೇ?

ಸಾವಿತ್ರಿ: ಅನ್ನಿಸಬಹುದು, ಸಂಶೋಧನೆಗೆ ಕೊಡುವವರು ಅವರೊಬ್ಬರೇ ಆಗಿದ್ದರೆ. ಮತ್ತೆ ಹಾಪ್‌ಕಿನ್ಸ್‌ಗೆ ಬಾ. 1951ರಲ್ಲಿ ಆ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ತಾಯಿ ಬಂದಳು. ಕಪ್ಪು ಹೆಂಗಸು, ಗರ್ಭಕಂಠದ ಕ್ಯಾನ್ಸರ್. ಅವಳ ಗಡ್ಡೆಯ ಚೂರನ್ನು ಅವಳನ್ನು ಕೇಳದೆಯೇ ಪ್ರಯೋಗಾಲಯಕ್ಕೆ ಕೊಟ್ಟರು. ಅವಳು ಅದೇ ವರ್ಷ 31ನೇ ವಯಸ್ಸಿಗೆ ತೀರಿಕೊಂಡಳು, ಅವಳ ಜೀವಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಪೋಲಿಯೊ ಲಸಿಕೆಯ ಪರೀಕ್ಷೆಗೂ ಅವು ಬಳಕೆಯಾದವು. ಮನೆಯವರಿಗೆ ವಿಷಯ ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಈಗ ಹೇಳು, ವೈದ್ಯಶಾಸ್ತ್ರಕ್ಕೆ ಹೆಚ್ಚು ಕೊಟ್ಟವರು ಯಾರು, ಗ್ಯಾರೆಟ್ಟೋ ಲ್ಯಾಕ್ಸೋ?

ಮಂಜುನಾಥ: ಒಬ್ಬಳ ಷರತ್ತನ್ನು ಪಾಲಿಸಿದರು. ಇನ್ನೊಬ್ಬಳಿಗೆ ಷರತ್ತು ಹಾಕುವ ಅವಕಾಶವೇ ಇರಲಿಲ್ಲ.

ಸಾವಿತ್ರಿ: ನಮ್ಮ ಕಾಲೇಜಿಗೂ ಇದನ್ನು ಅನ್ವಯಿಸು. ಅನಾಟಮಿ ಹಾಲಿನ ಮೇಜಿನ ಮೇಲೆ ಮಲಗಿದವರಲ್ಲಿ ದೇಹದಾನ ಬರೆದುಕೊಟ್ಟವರು ಇದ್ದರು, ವಾರಸುದಾರರಿಲ್ಲದೆ ಬಂದವರೂ ಇದ್ದರು. ಜನರಲ್ ವಾರ್ಡಿನಲ್ಲಿ ಎದೆಯ ಮೇಲೆ ಇಪ್ಪತ್ತು ಹುಡುಗರು ಸರದಿಯಲ್ಲಿ ಸ್ಟೆತಸ್ಕೋಪ್ ಇಟ್ಟು ಕೇಳುವಾಗ ಸುಮ್ಮನೆ ಸಹಿಸಿಕೊಂಡವರು ನಿನಗೆ ಹೃದಯದ ಗೊಣಗು ಸದ್ದನ್ನು ಕಲಿಸಿದರು. ಕೇಳಿದ್ದಕ್ಕೆ ತಲೆಯಾಡಿಸಿದವರು ಇದ್ದರು, ಯಾರೂ ಕೇಳದೇ ಹೋದವರು ಇನ್ನೂ ಹೆಚ್ಚು. ನಿನ್ನ ಉದ್ಯಮಿಗೆ ಕುರ್ಚಿ ಬೇಕಾದರೆ ಅವರಿಗೂ ಒಂದು ಬೇಕು. ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕೆಂದು ಈಗಾಗಲೇ ನಿಯಮವಿದೆ. ದುಡ್ಡು ಹಂಚುವ ಸಮಿತಿಗೂ ಅದನ್ನು ತಾ. ಯಾವ ಕಾಯಿಲೆಗೆ ಎಷ್ಟು ಎಂದು ತೀರ್ಮಾನಿಸುವಾಗ ವಾರ್ಡಿನಿಂದ ಬಂದ ಒಬ್ಬರು ಅಲ್ಲಿರಲಿ. ಹುಡುಗರ ಆಯ್ಕೆ ಮಾತ್ರ ಅಧ್ಯಾಪಕರಿಗೆ ಬಿಡು. ಅಲ್ಲಿ ದುಡ್ಡಿನವರೂ ಬೇಡ, ರಾಜಕಾರಣಿಗಳೂ ಬೇಡ.

ಮಂಜುನಾಥ: ರೋಗಿಗಳ ಪ್ರತಿನಿಧಿ ಎಂದು ಯಾರನ್ನೋ ಕೂರಿಸಿ ಸಹಿ ಹಾಕಿಸಿಕೊಳ್ಳುವ ಅಪಾಯವೂ ಇದೆ ಮೇಡಂ. ನಮ್ಮ ಸಮಿತಿಗಳನ್ನು ನೋಡಿದ್ದೀರಿ.

ಸಾವಿತ್ರಿ: ಇದೆ. ಅದಕ್ಕೇ ವರ್ಷವರ್ಷ ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಹೋಯಿತು, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಕನ್ನಡದಲ್ಲಿ ಬರೆದು ಹೊರರೋಗಿ ವಿಭಾಗದ ಗೋಡೆಗೆ ಅಂಟಿಸಿ. ಚೀಟಿ ಮಾಡಿಸಲು ಸಾಲಿನಲ್ಲಿ ನಿಂತವರು ಓದಲಿ, ಪ್ರಶ್ನೆ ಕೇಳಲಿ. ದಾನಿಗೆ ಕಳಿಸುವ ವರದಿ ಬೇರೆ, ಇವರಿಗೆ ತೋರಿಸುವ ವರದಿ ಬೇರೆ ಆಗಬಾರದು.

ಮಂಜುನಾಥ: ಇಷ್ಟನ್ನೂ ಹೇಳಿದರೆ ಆ ಮನುಷ್ಯ 2 ಕೋಟಿ ವಾಪಸ್ ತೆಗೆದುಕೊಂಡರೆ?

ಸಾವಿತ್ರಿ: ತೆಗೆದುಕೊಳ್ಳಬಹುದು, ಆಗ ನಿಧಿ ಚಿಕ್ಕದಾಗಿ ಶುರುವಾಗುತ್ತದೆ. ನಮ್ಮ ಕಾಲೇಜಿನಲ್ಲಿ ಸರ್ಕಾರಿ ಶುಲ್ಕದಲ್ಲಿ ಓದಿ, ಇವತ್ತು ಮೈಸೂರಿನಿಂದ ಮ್ಯಾಂಚೆಸ್ಟರ್‌ವರೆಗೆ ಪ್ರಾಕ್ಟೀಸ್ ಮಾಡುತ್ತಿರುವವರು ನೂರಾರು ಮಂದಿ ಇದ್ದಾರೆ. ಅವರಿಗೆ ಬರೆಯುವ ಪತ್ರದಲ್ಲಿ ಕಾಲೇಜಿನ ಋಣ ತೀರಿಸಿ ಎನ್ನಬೇಡ. ಕಾಲೇಜು ನಿಮಗೆ ಪುಸ್ತಕ ಕೊಟ್ಟಿತು, ವಿದ್ಯೆ ಕೊಟ್ಟದ್ದು ವಾರ್ಡಿನ ಜನ, ಋಣವಿರುವುದು ಅವರಿಗೆ ಎಂದು ಬರೆ. ಋಣ ತೀರಿಸಲು ಬಂದವನು ಷರತ್ತು ಹಾಕುವ ಮುಂಚೆ ಒಂದು ಕ್ಷಣ ಯೋಚಿಸುತ್ತಾನೆ.

ಮಂಜುನಾಥ: ಉದ್ಯಮಿ ಆ ವಾರ್ಡಿನಲ್ಲಿ ಕಲಿತವರಲ್ಲವಲ್ಲ.

ಸಾವಿತ್ರಿ: ಅವರ ತಾಯಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಎಲ್ಲಿ ಕಲಿತವರು ಎಂದು ಅವರನ್ನು ಕೇಳು. ಅಲ್ಲಿಂದ ಮಾತು ಶುರುಮಾಡು.