ಯಾರೂ ಬಯಸದ ಹೊಗೆ

 

ಕರ್ಮವನ್ನು ಅದರ ಹಿಂದಿನ ಉದ್ದೇಶದಿಂದ ಅಳೆಯಬೇಕು ಎಂದು ಬುದ್ಧರು ಕಲಿಸಿದರು. ಕಾಣದೆ ಇರುವೆ ತುಳಿದವನನ್ನು ನಾವು ಕೊಲೆಗಾರ ಎನ್ನುವುದಿಲ್ಲ. ಹಾಗಾದರೆ ಹೊಗೆಯ ವಿಷಯದಲ್ಲಿ ಏನು ಹೇಳೋಣ?

ರಸ್ತೆ ಬದಿಯ ಒಣ ಎಲೆಗೆ ಬೆಂಕಿ ಇಡುವವರಾಗಲಿ, ಹೊಗೆ ಕಾರುವ ಹಳೆಯ ಗಾಡಿ ಓಡಿಸುವವರಾಗಲಿ, ಪಕ್ಕದ ಮನೆಯ ಮಗುವಿಗೆ ಉಬ್ಬಸ ಬರಲಿ ಎಂದು ಬಯಸುವುದಿಲ್ಲ. ಆದರೂ ಮನೆಯ ಒಳಗಿನ ಮತ್ತು ಹೊರಗಿನ ಗಾಳಿ ಕೆಟ್ಟು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನ ಅಕಾಲದಲ್ಲಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಸಾವಿನ ಹಿಂದೆ ಕೊಲ್ಲುವ ಉದ್ದೇಶ ಒಬ್ಬರಿಗೂ ಇಲ್ಲ. ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ.

ಮಿಲಿಂದ ಪ್ರಶ್ನೆಯಲ್ಲಿ ಇದಕ್ಕೆ ಹತ್ತಿರದ ಒಂದು ಸಂವಾದವಿದೆ. ತಿಳಿದು ತಪ್ಪು ಮಾಡುವವನ ದೋಷ ಹೆಚ್ಚೋ, ತಿಳಿಯದೆ ಮಾಡುವವನದು ಹೆಚ್ಚೋ ಎಂದು ರಾಜ ಕೇಳುತ್ತಾನೆ. ತಿಳಿಯದವನದೇ ಎನ್ನುತ್ತಾರೆ ನಾಗಸೇನರು. ಕಾದ ಕಬ್ಬಿಣದ ಗುಂಡನ್ನು ಗೊತ್ತಿಲ್ಲದೆ ಹಿಡಿದವನ ಕೈ ಹೆಚ್ಚು ಸುಡುತ್ತದೆ ಎಂಬುದು ಅವರ ಹೋಲಿಕೆ. ಇದನ್ನು ನಾನು ಶಿಕ್ಷೆಯ ಮಾತು ಎಂದು ತಿಳಿಯುವುದಿಲ್ಲ. ಬಿಸಿ ಎಂದು ಗೊತ್ತಿದ್ದವನು ಎಚ್ಚರದಿಂದ ಮುಟ್ಟುತ್ತಾನೆ, ಗೊತ್ತಿಲ್ಲದವನು ಗಟ್ಟಿಯಾಗಿ ಹಿಡಿಯುತ್ತಾನೆ, ಅಷ್ಟೇ.

ಹೊಗೆಯೂ ಅಂಥದ್ದೇ. ಅದರ ಪಿಎಂ 2.5 ಕಣಗಳು ಕಣ್ಣಿಗೆ ಕಾಣವು. ಕೂದಲೆಳೆಯ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟು ಸಣ್ಣವು. ಶ್ವಾಸಕೋಶದ ಆಳಕ್ಕಿಳಿದು ಹೃದಯವನ್ನೂ ಕೆಡಿಸುತ್ತವೆ. ಅವನ್ನು ಮೊದಲು ಉಸಿರಾಡುವವರು ಸೌದೆ ಒಲೆಯ ಮುಂದೆ ಕೂರುವ ತಾಯಂದಿರು, ಬೀದಿ ಗುಡಿಸುವ ಪೌರಕಾರ್ಮಿಕರು. ಎಲೆಗೆ ಬೆಂಕಿ ಇಟ್ಟ ಕೈಯನ್ನು ಬೈಯುವುದು ಸುಲಭ. ಕಸದ ಗಾಡಿ ಬಾರದಿದ್ದದ್ದು, ಗೊಬ್ಬರದ ಗುಂಡಿ ಇಲ್ಲದ್ದು, ನಾವು ಎಲೆಯ ಜೊತೆ ಪ್ಲಾಸ್ಟಿಕ್ ಬೆರೆಸಿ ಎಸೆದದ್ದು, ಇವೂ ಆ ಬೆಂಕಿಯ ಕಾರಣಗಳೇ. ಪ್ರತೀತ್ಯಸಮುತ್ಪಾದವನ್ನು ಓದಿದವರು ಒಂದೇ ಕಾರಣಕ್ಕೆ ಬೆರಳು ತೋರಿಸಿ ಸುಮ್ಮನಾಗಬಾರದು.

ಹಾಗೆಂದೇ ಕಾನೂನು ಬೇಕು. ವಾಯು ಮಾಲಿನ್ಯ ತಡೆ ಕಾಯ್ದೆ 1981ರಲ್ಲೇ ಬಂತು. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ದೇಶದಾದ್ಯಂತ ನಿಷೇಧಿಸಿತು. ನಮ್ಮಲ್ಲಿ ಪಿಎಂ 2.5ರ ವಾರ್ಷಿಕ ಮಿತಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5. ಮಿತಿ ಬಿಗಿಯಾಗಲಿ, ಜಾರಿಯಾಗಲಿ ಎಂದು ಕೇಳುವುದೂ ಕರುಣೆಯ ಕೆಲಸವೇ. ಆದರೆ ಈ ಮಿತಿ ಹೊರಗಿನ ಗಾಳಿಗೆ ಮಾತ್ರ. ಮುಚ್ಚಿದ ಕೋಣೆಯ ಸೊಳ್ಳೆಬತ್ತಿ, ಅಗರಬತ್ತಿಗಳನ್ನು ಅಳೆಯಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ನಮ್ಮ ಶೀಲವೇ ಕಾಯಬೇಕು.

ತಿಳಿಯುವ ತನಕ ಹೊಗೆಗೆ ಉದ್ದೇಶವಿರಲಿಲ್ಲ. ತಿಳಿದ ಮೇಲೂ ಮುಂದುವರಿಸಿದರೆ ಅದು ನಮ್ಮ ಆಯ್ಕೆಯಾಗುತ್ತದೆ, ಆಯ್ಕೆಯಾದದ್ದು ಕರ್ಮವಾಗುತ್ತದೆ.

ಇಂದು ಆನಾಪಾನಸತಿಗೆ ಕೂರುವ ಮೊದಲು ಕಿಟಕಿ ತೆರೆಯೋಣ. ನಾವು ಬಿಡುವ ಉಸಿರು, ನಾವು ಬಿಡುವ ಹೊಗೆ ಇನ್ನೊಬ್ಬರ ಒಳಗೆ ಹೋಗುತ್ತದೆ ಎಂಬ ಅರಿವೂ ಧ್ಯಾನದ ಭಾಗವಾಗಲಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.